ಅಕ್ಷತೆ ಎರಡು ಸಲ ಬೀಳುವುದಿಲ್ಲ

ಪ್ರಶ್ನೆ: ಮೇ ತಿಂಗಳಲ್ಲಿ ತಂಗಿಯ ಮದುವೆ. ಮೆಮೊರಿ ಕಾರ್ಡ್ ಕೆಟ್ಟು ನನ್ನ ಗೆಳತಿಯ ಮದುವೆಯ ಅರ್ಧ ಫೋಟೊ ಹೋದವು. ಫೋಟೊಗ್ರಾಫರ್‌ಗೆ ಮೊದಲೇ ಏನು ಕೇಳಬೇಕು?
– ಓದುಗರೊಬ್ಬರು, ಗದಗ

ಉತ್ತರ: ಕ್ಯಾಮೆರಾದಲ್ಲಿ ಎರಡು ಕಾರ್ಡ್ ಹಾಕಲು ಬರುತ್ತಾ ಅಂತ ಮೊದಲು ಕೇಳಿ. ಪ್ರತಿ ಫೋಟೊ ಎರಡರಲ್ಲೂ ಒಟ್ಟಿಗೇ ಸೇವ್ ಆಗಬೇಕು. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವಂತೆ ಇಟ್ಟರೆ ಉಪಯೋಗವಿಲ್ಲ.

ಹುಬ್ಬಳ್ಳಿಯಲ್ಲಿ ನಾನು ಈ ಕೆಲಸ ಶುರು ಮಾಡಿದಾಗ ನನ್ನ ಕ್ಯಾಮೆರಾಕ್ಕೆ ಒಂದೇ ಕಾರ್ಡ್. ಹಾವೇರಿ ಕಡೆಯ ಒಂದು ಮದುವೆ. ಅಕ್ಷತೆ ಬಿದ್ದ ಕೂಡಲೇ ಸ್ಕ್ರೀನ್ ಮೇಲೆ ಎರರ್ ಬಂತು. ಕೈ ನಡುಗಿತು. ಆದರೂ ಫಾರ್ಮ್ಯಾಟ್ ಒತ್ತಲಿಲ್ಲ, ಆ ಕಾರ್ಡ್‌ನಲ್ಲಿ ಮುಂದೆ ಒಂದು ಫೋಟೊನೂ ತೆಗೆಯಲಿಲ್ಲ. ಹೊಸದು ಬರೆದರೆ ಹಳೆಯದರ ಮೇಲೇ ಕೂರಬಹುದು, ಅದಕ್ಕೆ. ರಿಕವರಿ ಸಾಫ್ಟ್‌ವೇರ್‌ನಲ್ಲಿ ಜಾಸ್ತಿ ಫೋಟೊ ವಾಪಸ್ ಬಂದವು. ತಾಳಿ ಕಟ್ಟುವ ಫೋಟೊ ಮಾತ್ರ ಬರಲಿಲ್ಲ. ಹುಡುಗಿಯ ತಾಯಿ ಬೈಯಲಿಲ್ಲ, ಸುಮ್ನೆ ಕೂತರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಈಗ ಅಕ್ಷತೆ ಹೊತ್ತಿಗೆ ಇಬ್ಬರು, ಎರಡು ಕ್ಯಾಮೆರಾ ಹಿಡಿದು ಎರಡು ಬದಿಗೆ ನಿಲ್ಲುತ್ತೇವೆ. ಎರಡರ ಗಡಿಯಾರವನ್ನೂ ಬೆಳಿಗ್ಗೆಯೇ ಸರಿ ಹೊಂದಿಸುತ್ತೇವೆ, ಇಲ್ಲದಿದ್ದರೆ ಆಲ್ಬಮ್‌ನಲ್ಲಿ ಊಟ ಮೊದಲು, ತಾಳಿ ಆಮೇಲೆ ಆಗುತ್ತದೆ. 128 ಜಿಬಿಯ ಒಂದು ಕಾರ್ಡ್ ಬದಲು 32 ಜಿಬಿಯ ನಾಲ್ಕು. ಕಲ್ಯಾಣ ಮಂಟಪ ಬಿಡುವ ಮೊದಲೇ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ. ಒಂದು ನನ್ನ ಬ್ಯಾಗಿನಲ್ಲಿ, ಇನ್ನೊಂದು ಸಹಾಯಕನ ಮನೆಗೆ. ಆಲ್ಬಮ್ ನಿಮ್ಮ ಕೈ ಸೇರುವವರೆಗೂ ಅವನ್ನು ಅಳಿಸುವುದಿಲ್ಲ.

ಫೋಟೊಗ್ರಾಫರ್‌ಗೆ ಅವತ್ತೇ ಜ್ವರ ಬಂದರೆ ಯಾರು ಬರುತ್ತಾರೆ? ಆ ಹೆಸರನ್ನು ಅಡ್ವಾನ್ಸ್ ಕೊಡುವಾಗಲೇ ರಸೀದಿ ಮೇಲೆ ಬರೆಸಿಕೊಳ್ಳಿ.