ಓದುಗರ ಪ್ರಶ್ನೆ: ಇಂಜಿನ್ ಆಮೇಲೆ, ಮೊದಲು ಟ್ರಾನ್ಸಮ್ ತಟ್ಟಿ ನೋಡಿ

ಪ್ರಶ್ನೆ: ಊರು ದಾವಣಗೆರೆ, ಈಗ ಇರೋದು ಮಿಶಿಗನ್‌ನಲ್ಲಿ, ಸೇಂಟ್ ಕ್ಲೇರ್ ಸರೋವರದ ಹತ್ತಿರ. 1986ರ 22 ಅಡಿಯ ಡೀಪ್-ವಿ (ತಳ ವಿ ಆಕಾರದಲ್ಲಿ ಚೂಪಾಗಿರುವ) ಸ್ಪೀಡ್ ಬೋಟ್ ಒಂದನ್ನು ಟ್ರೈಲರ್ ಸಮೇತ ಅಗ್ಗಕ್ಕೆ ಕೊಂಡಿದ್ದೇನೆ. ಒಳಗೆ 5.7 ಲೀಟರ್‌ನ ಮರ್ಕ್ರೂಸರ್ ವಿ8 ಇಂಜಿನ್, 260 ಹಾರ್ಸ್‌ಪವರ್. ಹಿಂದೆ ಆಲ್ಫಾ ಒನ್ ಡ್ರೈವ್, ಅಂದರೆ ಇಂಜಿನ್ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ಮುಟ್ಟಿಸುವ ಹೊರಗಿನ ಗೇರ್ ಜೋಡಣೆ. ಹಿಂದಿನ ಮಾಲೀಕರು ಒಂದು ಚಳಿಗಾಲ ನೀರು ಬಸಿಯದೆ ಬಿಟ್ಟಿದ್ದರಿಂದ ಬ್ಲಾಕ್ ಸೀಳಿದೆ. ಹೇಗೂ ಇಂಜಿನ್ ಬದಲಿಸಬೇಕು, 7.4 ಲೀಟರ್‌ನ ಬಿಗ್ ಬ್ಲಾಕ್ (ಇನ್ನೂ ದೊಡ್ಡ ವಿ8) ಕೂರಿಸೋಣ ಅಂತ ಆಸೆ. ಗ್ಯಾರೇಜ್‌ನಲ್ಲಿ ನಾನೇ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗ, ಮಿಶಿಗನ್

ಉತ್ತರ: ಖಂಡಿತ ಮಾಡಬಹುದು. ನೀವಿರುವ ಜಾಗವೇ ಅಂಥದ್ದು. ನಿಮ್ಮ ಸರೋವರಕ್ಕೆ ನೀರು ತರುವ ಸೇಂಟ್ ಕ್ಲೇರ್ ನದಿಯ ದಡದಲ್ಲೇ ಆಲ್ಗೊನ್ಯಾಕ್ ಇದೆ. ಬೋಟ್ ರೇಸಿನ ಗಾರ್ ವುಡ್ ಅಲ್ಲಿ ವಿಮಾನದ ಇಂಜಿನ್‌ಗಳನ್ನು ಬೋಟಿಗೆ ಇಳಿಸಿ, 1920ರಲ್ಲಿ ಅಂತರರಾಷ್ಟ್ರೀಯ ಮೋಟಾರ್ ಬೋಟ್ ರೇಸಿನ ಹಾರ್ಮ್ಸ್‌ವರ್ತ್ ಟ್ರೋಫಿ ಗೆದ್ದರು. 1932ರಲ್ಲಿ ಅದೇ ನದಿಯಲ್ಲಿ ಅವರ ಮಿಸ್ ಅಮೆರಿಕ 10 ಬೋಟ್, ನಾಲ್ಕು ಪ್ಯಾಕರ್ಡ್ ಇಂಜಿನ್‌ಗಳ ಜೋರಿನಲ್ಲಿ ಗಂಟೆಗೆ 124 ಮೈಲಿ ದಾಟಿತು. ಆ ನೀರಿನಲ್ಲಿ ಬೋಟ್ ಓಡಿಸೋದೇ ಒಂದು ಖುಷಿ.

ಆದರೆ ಇಂಜಿನ್ ಹುಡುಕೋದನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಪತ್ರದಲ್ಲಿ ಇಂಜಿನ್ ಬಗ್ಗೆ ಎಲ್ಲ ಇದೆ, ಟ್ರಾನ್ಸಮ್ ಬಗ್ಗೆ ಒಂದು ಮಾತೂ ಇಲ್ಲ. ನಾನು ಗಂಗೊಳ್ಳಿಯವನು, ದೋಣಿ ಕಟ್ಟುವವರ ನಡುವೆ ಬೆಳೆದವನು. ಆಮೇಲೆ ಫ್ಲಾರಿಡಾದ ಬೋಟ್ ಯಾರ್ಡ್‌ಗಳಲ್ಲಿ ವರ್ಷಗಟ್ಟಲೆ ಇಂಥ ಬೋಟುಗಳ ಇಂಜಿನ್ ಇಳಿಸಿ ಏರಿಸಿದ್ದೇನೆ. ಹೊಸ ಇಂಜಿನ್ ಕೂರಿಸಿದ ಮೇಲೆ ಟ್ರಾನ್ಸಮ್ ಕೊಳೆತಿರೋದು ಗೊತ್ತಾಗಿ, ಎಲ್ಲವನ್ನೂ ಮತ್ತೆ ಬಿಚ್ಚಿದ ಮಾಲೀಕರನ್ನು ಅಲ್ಲಿ ತುಂಬಾ ಕಂಡಿದ್ದೇನೆ. ಅವರ ಮುಖ ಇನ್ನೂ ನೆನಪಿದೆ. ನಿಮಗೆ ಹಾಗಾಗುವುದು ಬೇಡ.

ಟ್ರಾನ್ಸಮ್ ಅಂದರೆ ಬೋಟಿನ ಹಿಂಬದಿಯ ಗೋಡೆ. ಡ್ರೈವ್ ನೇತಾಡುವುದು ಅದರ ಮೇಲೆ. ಮರ್ಕ್ರೂಸರ್‌ನಲ್ಲಿ ಇಂಜಿನ್‌ನ ಹಿಂದಿನ ಎರಡು ಮೌಂಟ್ ಕೂರುವುದೂ ಅದಕ್ಕೆ ಬಿಗಿದ ಪ್ಲೇಟಿನ ಮೇಲೆ. ಪ್ರೊಪೆಲ್ಲರ್ ತಳ್ಳುವ ಬಲವೆಲ್ಲ ಆ ಗೋಡೆಯ ಮೂಲಕವೇ ಬೋಟಿಗೆ ಸಿಗುತ್ತದೆ. ನಿಮ್ಮ ಕಾಲದ ಬೋಟುಗಳಲ್ಲಿ ಸಾಮಾನ್ಯವಾಗಿ ಒಳಗೂ ಹೊರಗೂ ಫೈಬರ್, ನಡುವೆ ಪ್ಲೈವುಡ್ ಇರುತ್ತದೆ. ಯಾರೋ ಏಣಿಗೆ ಅಂತ ಒಂದು ಸ್ಕ್ರೂ ಹಾಕಿ ಸೀಲಂಟ್ ಹಚ್ಚದೆ ಬಿಟ್ಟರೆ ಸಾಕು, ಅಲ್ಲಿಂದ ನೀರು ಇಳಿದು ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಗಿನ ಫೈಬರ್ ಮಾತ್ರ ಹೊಳೆಯುತ್ತಾ ಇರುತ್ತದೆ.

ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ತಗೊಂಡು ಇಡೀ ಟ್ರಾನ್ಸಮ್ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಕೊಳೆತ ಕಡೆ ಡಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಒಳಗಿನಿಂದ ಸಣ್ಣ ತೂತು ಕೊರೆಯಿರಿ. ಹೊರಗಿನ ಫೈಬರ್ ದಾಟಬೇಡಿ. ಹೊರಬರುವ ಪುಡಿ ಒಣಗಿದ್ದು ತಿಳಿಬಣ್ಣ ಇದ್ದರೆ ಒಳ್ಳೆಯದು. ಕಪ್ಪಾಗಿ ಒದ್ದೆಯಾಗಿ ಬಂದರೆ ಟ್ರಾನ್ಸಮ್ ಬದಲಿಸಲೇಬೇಕು. ಡ್ರೈನ್ ಪ್ಲಗ್ ಸುತ್ತ, ಡ್ರೈವ್‌ಗಾಗಿ ಕೊಯ್ದ ದೊಡ್ಡ ಕಿಂಡಿಯ ಕೆಳಗಿನ ಮೂಲೆಗಳಲ್ಲಿ ತಪ್ಪದೆ ನೋಡಿ. ಮೊದಲು ಕೊಳೆಯುವುದು ಅಲ್ಲೇ. ಇಂಜಿನ್‌ನ ಮುಂದಿನ ಮೌಂಟ್‌ಗಳು ಕೂರುವ ಸ್ಟ್ರಿಂಗರ್, ಅಂದರೆ ತಳದಲ್ಲಿ ಉದ್ದಕ್ಕೆ ಓಡುವ ತೊಲೆಗಳನ್ನೂ ಹೀಗೇ ಪರೀಕ್ಷಿಸಿ. ಮೌಂಟಿನ ಬೋಲ್ಟ್ ಬಿಗಿಯದೆ ಸುಮ್ನೆ ತಿರುಗುತ್ತಿದ್ದರೆ ಒಳಗಿನ ಮರ ಹೋಗಿದೆ ಅಂತಲೇ ಲೆಕ್ಕ.

ಕೊಳೆತಿದ್ದರೆ ಹೆದರಬೇಡಿ, ಇದು ಕೈಯಿಂದ ಆಗುವ ಕೆಲಸ. ಮೊದಲು ಡ್ರೈವ್ ಬಿಚ್ಚಿ, ಆಮೇಲೆ ಇಂಜಿನ್ ಎತ್ತಿ. ಈ ಕ್ರಮ ಹಿಂದುಮುಂದು ಆಗಬಾರದು, ಡ್ರೈವ್‌ನ ಶಾಫ್ಟ್ ಇಂಜಿನ್‌ನ ಹಿಂದಿರುವ ಕಪ್ಲರ್ (ಎರಡನ್ನೂ ಜೋಡಿಸುವ ಭಾಗ) ಒಳಗೆ ಸೇರಿಕೊಂಡಿರುತ್ತದೆ. ಮರ ಕೀಳುವ ಮೊದಲು ಹಲ್, ಅಂದರೆ ಬೋಟಿನ ಒಡಲು, ಟ್ರೈಲರ್ ಮೇಲೆ ಎಲ್ಲ ಕಡೆ ಸಮನಾಗಿ ಕೂತಿದೆಯಾ ನೋಡಿ. ಇಲ್ಲದಿದ್ದರೆ ಸೊಟ್ಟಗಿರುವ ಬೋಟನ್ನು ಸೊಟ್ಟಗೇ ಗಟ್ಟಿ ಮಾಡಿದ ಹಾಗಾಗುತ್ತದೆ. ಒಳಗಿನ ಫೈಬರ್ ಕೊಯ್ದು, ಕೊಳೆತ ಮರ ಪೂರ್ತಿ ಕಿತ್ತು, ಮರೈನ್ ಪ್ಲೈವುಡ್ ಹಾಕಿ ಎಪಾಕ್ಸಿಯಿಂದ ಅಂಟಿಸಿ. ಎಪಾಕ್ಸಿಗೆ ದುಡ್ಡು ಜಾಸ್ತಿ, ನಿಜ. ಆದರೆ ಹಳೆಯ ಫೈಬರ್ ಮೇಲೆ ಪಾಲಿಯೆಸ್ಟರ್ ರೆಸಿನ್‌ಗಿಂತ ಅದರ ಹಿಡಿತ ಎಷ್ಟೋ ಮೇಲು. ಫೈಬರ್ ಬಟ್ಟೆ ಕೊಳ್ಳುವಾಗಲೂ ಕೇಳಿ ತಗೊಳ್ಳಿ. ಸಾಮಾನ್ಯ ಚಾಪ್ಡ್ ಮ್ಯಾಟ್‌ನ (ತುಂಡು ಎಳೆಗಳ ಹಾಳೆಯ) ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಅದಕ್ಕೇ ಎಳೆಗಳು ಎರಡು ದಿಕ್ಕಿಗೆ ಇರುವ, ಹೊಲಿದ ಬೈಆಕ್ಸಿಯಲ್ ಬಟ್ಟೆ ಬೇಕು. ಅಂಚುಗಳನ್ನು ಉದ್ದಕ್ಕೆ ಇಳಿಜಾರಾಗಿ ಉಜ್ಜಿ, ಆ ಇಳಿಜಾರಿಗೆ ಫೈಬರ್ ದಪ್ಪದ 12 ಪಟ್ಟು ಅಗಲ ಇಟ್ಟುಕೊಳ್ಳಿ.

ಒಂದು ಅಳತೆ ಗೋಡೆ ಮೇಲೆ ಬರೆದಿಡಿ: ಮರ್ಕ್ರೂಸರ್‌ಗೆ ಟ್ರಾನ್ಸಮ್ ದಪ್ಪ 51ರಿಂದ 57 ಮಿಲಿಮೀಟರ್ ಇರಬೇಕು, ಒಳಮೈ ಹೊರಮೈ ಸಮಾನಾಂತರ ಇರಬೇಕು. ಗಟ್ಟಿ ಇರಲಿ ಅಂತ ಇನ್ನೊಂದು ಪದರ ಪ್ಲೈವುಡ್ ಸೇರಿಸುವವರಿದ್ದಾರೆ. ಆಮೇಲೆ ಡ್ರೈವ್ ಸರಿಯಾಗಿ ಕೂರುವುದೇ ಇಲ್ಲ.

ಈಗ ಬಿಗ್ ಬ್ಲಾಕ್ ವಿಷಯ. ನನ್ನ ಅಭಿಪ್ರಾಯ: ಬೇಡ. ಹೀಗೆ ನೀರಿನ ಮೇಲೆದ್ದು ಓಡುವ ಬೋಟಿನ ವೇಗ ಹೆಚ್ಚುಕಡಿಮೆ ಶಕ್ತಿಯ ವರ್ಗಮೂಲದಂತೆ ಏರುತ್ತದೆ. 260 ಹಾರ್ಸ್‌ಪವರ್‌ನಲ್ಲಿ ನಿಮ್ಮ ಬೋಟ್ ಗಂಟೆಗೆ 54 ಮೈಲಿ ಓಡುತ್ತಿತ್ತು ಅಂದುಕೊಳ್ಳಿ. 7.4 ಲೀಟರ್‌ನ 330 ಹಾರ್ಸ್‌ಪವರ್‌ಗೆ ಅದು 61 ಆಗುತ್ತದೆ. ಅದೇ 5.7 ಲೀಟರ್‌ಗೆ 1996ರ ನಂತರದ ವೋರ್ಟೆಕ್ ಅನ್ನೋ ಮಾದರಿಯ ಸಿಲಿಂಡರ್ ಹೆಡ್ ಹಾಕಿ 300 ಹಾರ್ಸ್‌ಪವರ್ ತೆಗೆದರೆ 58. ಅಂದರೆ ಎರಡಕ್ಕೂ ಇರುವ ಅಂತರ 3 ಮೈಲಿ. ಆ 3 ಮೈಲಿಗೆ ನೀವು ಕೊಡುವ ಬೆಲೆ ನೋಡಿ. ಆಲ್ಫಾ ಡ್ರೈವ್ ತಡೆಯುವುದು ಸುಮಾರು 300 ಹಾರ್ಸ್‌ಪವರ್‌ವರೆಗೆ. ಬಿಗ್ ಬ್ಲಾಕಿನ ಟಾರ್ಕಿಗೆ ಅದರ ಗೇರುಗಳು ಹೆಚ್ಚು ದಿನ ಬಾಳುವುದಿಲ್ಲ. ಇನ್ನೂ ಗಟ್ಟಿಯಾದ ಬ್ರಾವೋ ಡ್ರೈವ್ ಬೇಕಾಗುತ್ತದೆ, ಅದಕ್ಕೆ ಟ್ರಾನ್ಸಮ್ ಅಸೆಂಬ್ಲಿಯೇ ಬೇರೆ. ಆಲ್ಫಾದಲ್ಲಿ ನೀರಿನ ಪಂಪ್ ಡ್ರೈವ್ ಒಳಗಿದೆ, ಬ್ರಾವೋಗೆ ಇಂಜಿನ್ ಮೇಲೆ ಇರಬೇಕು.

ಇದು ಸಾಲದು ಅಂತ ಹಿಂಬದಿಗೆ 50 ಕಿಲೋಗೂ ಜಾಸ್ತಿ ಭಾರ ಬೀಳುತ್ತದೆ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೋಟಿನ ಎಕ್ಸಾಸ್ಟ್‌ನಲ್ಲಿ ಹೊಗೆಯ ಜೊತೆ ನೀರೂ ಹೋಗುತ್ತದೆ. ರೈಸರ್ ಅನ್ನೋ ಬಾಗಿದ ಕೊಳವೆ ಸರೋವರದ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇರುವುದರಿಂದ ಆ ನೀರು ಹಿಂದಕ್ಕೆ ಸಿಲಿಂಡರಿಗೆ ನುಗ್ಗುವುದಿಲ್ಲ. ಹಿಂಬದಿ ತಗ್ಗಿದಷ್ಟೂ ಆ ಎತ್ತರ ಕಡಿಮೆಯಾಗುತ್ತದೆ. ಹೊಸ ಇಂಜಿನ್ ನೀರು ಕುಡಿದು ಸಾಯುವುದು ಹೀಗೆ.

5.7 ಲೀಟರ್‌ನ ಲಾಂಗ್ ಬ್ಲಾಕ್ (ಹೆಡ್ ಸಮೇತ ಜೋಡಿಸಿದ ಇಂಜಿನ್ ಒಡಲು) ಕೊಳ್ಳುವಾಗ ಒಂದು ಎಚ್ಚರ. ಷೆವರ್ಲೆಯ ಈ ಇಂಜಿನ್‌ನಲ್ಲಿ ಹಿಂಬದಿ ಕ್ರ್ಯಾಂಕ್ ಸೀಲ್ 1985ರವರೆಗೆ ಎರಡು ತುಂಡು, 1986ರಿಂದ ಒಂದೇ ತುಂಡು. ಫ್ಲೈವೀಲ್‌ನ ಬೋಲ್ಟ್ ತೂತುಗಳು, ಬ್ಯಾಲೆನ್ಸ್ ಎರಡೂ ಬೇರೆ. ನಿಮ್ಮ ಬೋಟ್ ಸರಿಯಾಗಿ ಆ ಗಡಿ ವರ್ಷದ್ದು. ಕಾಗದ ನಂಬಬೇಡಿ, ಬಿಚ್ಚಿ ಕಣ್ಣಾರೆ ನೋಡಿ. ವೋರ್ಟೆಕ್ ಹೆಡ್‌ಗೆ ಅದರದ್ದೇ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು, ಹಳೆಯದು ಕೂರುವುದಿಲ್ಲ. ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ರೈಸರ್ ಎಷ್ಟು ವರ್ಷದವು ಅಂತ ಗೊತ್ತಿಲ್ಲದಿದ್ದರೆ ಹೊಸದೇ ಹಾಕಿ. ಸಿಹಿನೀರಿನಲ್ಲಿ ಅವು ತುಂಬಾ ಕಾಲ ಬರುತ್ತವೆ, ನಿಜ. ಆದರೂ ಹೊಸ ಇಂಜಿನ್ ಮೇಲೆ ಹಳೆಯ ರೈಸರ್ ಇಡಲು ನನಗೆ ಧೈರ್ಯ ಬರುವುದಿಲ್ಲ.

ಇಂಜಿನ್ ಬೋಟಿನೊಳಗೆ ಕೂರಿಸಿದ ಮೇಲೆ ಅಲೈನ್‌ಮೆಂಟ್ ಬಾರ್, ಅಂದರೆ ಇಂಜಿನ್ ಡ್ರೈವ್‌ಗೆ ನೇರವಾಗಿದೆಯಾ ನೋಡುವ ಸರಳು, ಬಾಡಿಗೆಗೋ ಸಾಲಕ್ಕೋ ತನ್ನಿ. ತುದಿಗೆ ಗ್ರೀಸ್ ಹಚ್ಚಿ ಹೊರಗಿನಿಂದ ತೂರಿಸಿ. ಎರಡು ಬೆರಳಿನಲ್ಲಿ ತಳ್ಳಿದರೆ ಕಪ್ಲರ್ ಒಳಗೆ ಸಲೀಸಾಗಿ ಹೋಗಬೇಕು. ಈಚೆ ತೆಗೆದಾಗ ಗ್ರೀಸಿನಲ್ಲಿ ಗೆರೆಗಳು ಸುತ್ತಲೂ ಸಮನಾಗಿ ಮೂಡಿರಬೇಕು. ಮುಂದಿನ ಮೌಂಟ್ ಏರಿಸಿ ಇಳಿಸಿ ಸರಿಮಾಡಿ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋದರೂ ಹೋಗಲಿ. ಡ್ರೈವ್ ಶಾಫ್ಟ್ ಹೊರುವ ಗಿಂಬಲ್ ಬೇರಿಂಗ್, ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಬೆಲೋಸ್ ಎರಡನ್ನೂ ಈಗಲೇ ಹೊಸದು ಹಾಕಿಬಿಡಿ. ಹರಿದ ಬೆಲೋಸ್‌ನಿಂದ ದಡದಲ್ಲಿ ಕಟ್ಟಿದ ಬೋಟುಗಳೇ ಮುಳುಗಿವೆ.

ಪ್ರಶ್ನೆ: ಬೋಟಿಗೆ ಕಾರಿನ ಪೆಟ್ರೋಲ್ ಇಂಜಿನ್ ಹಾಗೇ ಹಾಕಬೇಡಿ ಅಂತ ಹಿಂದೊಮ್ಮೆ ಬರೆದಿದ್ದಿರಿ. ನಮ್ಮ ಮಲ್ಪೆಯಲ್ಲಿ ಟ್ರಾಲರ್‌ಗಳಿಗೆ ಲಾರಿ ಕಂಪನಿಯ ಇಂಜಿನ್ನೇ ಇದೆಯಲ್ಲ?
– ಒಬ್ಬ ಓದುಗ, ಮಲ್ಪೆ

ಉತ್ತರ: ಇದೆ, ಚೆನ್ನಾಗಿಯೂ ಓಡುತ್ತಿದೆ. ಆದರೆ ಅದು ಡೀಸೆಲ್, ಮೇಲಾಗಿ ಸಮುದ್ರಕ್ಕೆ ಅಂತಲೇ ಮಾರ್ಪಾಡು ಮಾಡಿ ಕೊಟ್ಟದ್ದು. ಪೆಟ್ರೋಲಿನ ಕಥೆ ಬೇರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಅದು ರಸ್ತೆಗೆ ಇಳಿದು ಹೋಗುತ್ತದೆ. ಬೋಟಿನಲ್ಲಿ ತಳದಲ್ಲೇ ನಿಲ್ಲುತ್ತದೆ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್‌ಗಳ ಒಳಗಿನ ಕಿಡಿ ಹೊರಗೆ ಬರದಂತೆ ತಡೆ ಇಲ್ಲ. ಬೋಟಿನವುಗಳಿಗೆ ಇದೆ. ಕಾರಿನ ಕಾರ್ಬುರೇಟರ್ ತುಂಬಿ ಉಕ್ಕಿದರೆ ಪೆಟ್ರೋಲ್ ಹೊರಗೆ ಚೆಲ್ಲುತ್ತದೆ, ಬೋಟಿನದ್ದರಲ್ಲಿ ಅದರ ಗಂಟಲಿಗೇ ವಾಪಸ್ ಬೀಳುತ್ತದೆ. ಬೋಟಿನ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿಗೆ ಎರಡು ಡಯಾಫ್ರಾಮ್ (ರಬ್ಬರಿನ ಪೊರೆ). ಒಂದು ಹರಿದರೂ ಪೆಟ್ರೋಲ್ ಕೆಳಗೆ ಸುರಿಯುವುದಿಲ್ಲ, ಪಕ್ಕದ ಪಾರದರ್ಶಕ ನಳಿಗೆಯಲ್ಲಿ ಕಾಣಿಸುತ್ತದೆ. ಇವು ನೋಡಲು ಒಂದೇ ಥರ ಇರುತ್ತವೆ, ಬೆಲೆ ಮಾತ್ರ ಜಾಸ್ತಿ. ಅದಕ್ಕೇ ಜನ ಕಾರಿನ ಸಾಮಾನು ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ಬೋಟ್ ಸ್ಫೋಟವಾದರೆ ಓಡಿಹೋಗಲು ಜಾಗ ಇಲ್ಲ.

ಅಮೆರಿಕದ ಕಾನೂನೂ ಇದನ್ನು ಗಟ್ಟಿಯಾಗಿ ಹೇಳುತ್ತದೆ. ಕಾರ್ಬುರೇಟರ್ ಮೇಲಿನ ಫ್ಲೇಮ್ ಅರೆಸ್ಟರ್ (ಜ್ವಾಲೆ ಹೊರಗೆ ಬರದಂತೆ ತಡೆಯುವ ಜಾಲರಿ) 1940ರಿಂದ ಕಡ್ಡಾಯ. ಸ್ಟಾರ್ಟ್ ಮಾಡುವ ಮೊದಲು 4 ನಿಮಿಷ ಬ್ಲೋವರ್ (ಆವಿ ಹೊರಗೆ ಹಾಕುವ ಫ್ಯಾನ್) ಓಡಿಸಿ, ತಳದಲ್ಲಿ ಪೆಟ್ರೋಲ್ ವಾಸನೆ ಇದೆಯಾ ನೋಡಿ ಅನ್ನುವ ಫಲಕವೂ ಇರಬೇಕು.

ಇನ್ನೊಂದು ಕಾರಣ, ದುಡಿಮೆ. ಸಮತಟ್ಟು ರಸ್ತೆಯಲ್ಲಿ ಕಾರಿನ ಇಂಜಿನ್ ತನ್ನ ಶಕ್ತಿಯ ಸಣ್ಣ ಪಾಲನ್ನು ಮಾತ್ರ ಬಳಸುತ್ತದೆ. ಸ್ಪೀಡ್ ಬೋಟಿನ ಇಂಜಿನ್ ತುಂಬಿದ ಲಾರಿ ಶಿರಾಡಿ ಘಾಟಿ ಹತ್ತಿದ ಹಾಗೆ, ಇಳಿಜಾರೇ ಇಲ್ಲದೆ ದುಡಿಯುತ್ತಲೇ ಇರುತ್ತದೆ. ಕ್ಯಾಮ್‌ಶಾಫ್ಟ್ ಆಯ್ಕೆಯೂ ಬೇರೆ. ರೇಸ್ ಕಾರಿನ ಕ್ಯಾಮ್ ಹಾಕಿದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಸಮಯ ಜಾಸ್ತಿಯಾಗಿ, ಐಡಲ್‌ನಲ್ಲಿ ಎಕ್ಸಾಸ್ಟ್ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಪ್ರಶ್ನೆ: ನನ್ನ ಗಂಡ ಮನೆಗೆ ಅಂಟಿಕೊಂಡಿರುವ ಗ್ಯಾರೇಜ್‌ನಲ್ಲೇ ಬೋಟಿಗೆ ಫೈಬರ್ ಕೆಲಸ ಶುರು ಮಾಡಿದ್ದಾರೆ. ಚಿಕ್ಕ ಮಗು ಇದೆ. ಅಡುಗೆಮನೆವರೆಗೂ ವಾಸನೆ. ಏನೂ ಆಗಲ್ಲ ಅಂತಾರೆ.
– ಒಬ್ಬ ಓದುಗಿ, ನ್ಯೂಜೆರ್ಸಿ

ಉತ್ತರ: ನಿಮ್ಮ ಭಯ ಸರಿಯಾದದ್ದೇ, ತಂಗಿ. ಆ ವಾಸನೆ ಪಾಲಿಯೆಸ್ಟರ್ ರೆಸಿನ್‌ನ ಸ್ಟೈರೀನ್‌ದು. ಅದು ಮಗುವಿಗೂ ಒಳ್ಳೆಯದಲ್ಲ, ಅವರಿಗೂ ಒಳ್ಳೆಯದಲ್ಲ. ಅದಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಗ್ಯಾರೇಜ್‌ನಲ್ಲಿ ಗ್ಯಾಸ್ ವಾಟರ್ ಹೀಟರ್ ಇದೆಯಾ? ಅದರ ಜ್ವಾಲೆಗೆ ಸ್ಟೈರೀನ್, ಅಸಿಟೋನ್ ಆವಿ ಹೊತ್ತಿಕೊಳ್ಳುತ್ತದೆ. ಹೀಟರ್ ಇದ್ದರೆ ಕೆಲಸ ಇವತ್ತೇ ನಿಲ್ಲಿಸಲಿ. ಬೋಟನ್ನು ಅಂಗಳಕ್ಕೆ ಎಳೆದು, ತಾಡಪಾಲಿನ ಚಪ್ಪರ ಹಾಕಿಕೊಂಡು ಮಾಡಲಿ.

ಎಪಾಕ್ಸಿಗೆ ವಾಸನೆ ಕಡಿಮೆ, ಆದರೆ ಚರ್ಮಕ್ಕೆ ತಾಗುತ್ತಾ ಹೋದರೆ ಒಂದು ದಿನ ಅಲರ್ಜಿ ಶುರುವಾಗಿ, ಆಮೇಲೆ ಅದನ್ನು ಮುಟ್ಟಲೂ ಆಗುವುದಿಲ್ಲ. ಕೈಗೆ ಗ್ಲವ್ಸ್, ಕಣ್ಣಿಗೆ ಕನ್ನಡಕ, ಆವಿಗೂ ದೂಳಿಗೂ ಆಗುವ ಕಾರ್ಟ್ರಿಜ್ ಇರುವ ಮಾಸ್ಕ್ ಇರಲೇಬೇಕು. ಬಟ್ಟೆಯ ಮಾಸ್ಕ್ ಸಾಲದು. ಬಳಿದು ಉಳಿದ ರೆಸಿನ್ ಬಟ್ಟಲಲ್ಲೇ ಬಿಟ್ಟರೆ ತಾನಾಗಿ ಕಾದು ಹೊಗೆಯೆದ್ದು ಬೆಂಕಿಯೂ ಆಗಬಹುದು. ಹೊರಗೆ ತಗಡಿನ ತಟ್ಟೆಯಲ್ಲಿ ತೆಳ್ಳಗೆ ಹರಡಿಡಲಿ. ಫೈಬರ್ ಉಜ್ಜುವಾಗ ತೊಟ್ಟ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ ಅಂತ ನಾನು ಹೇಳಿದೆ ಅಂತ ಹೇಳಿ.

ಪ್ರಶ್ನೆ: 5.7 ಲೀಟರ್ ಇಂಜಿನ್ ಮನೆಯಲ್ಲೇ ಪೂರ್ತಿ ರೀಬಿಲ್ಡ್ ಮಾಡಿದೆ. ಪೂರ್ತಿ ಥ್ರಾಟಲ್ ಕೊಟ್ಟರೂ 4000 ಆರ್‌ಪಿಎಂ ದಾಟುತ್ತಿಲ್ಲ. ಡ್ರೈವ್‌ನ ಗೇರ್ ಅನುಪಾತ 1.5, ಪ್ರೊಪೆಲ್ಲರ್ ಪಿಚ್ (ಜಾರದೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ) 23 ಇಂಚು. ಜಿಪಿಎಸ್‌ನಲ್ಲಿ ಗಂಟೆಗೆ 51 ಮೈಲಿ. ಇಂಜಿನ್ ಕೆಲಸ ಕೆಟ್ಟಿದೆಯಾ?
– ಒಬ್ಬ ಓದುಗ, ಒಂಟಾರಿಯೊ

ಉತ್ತರ: ಕೆಟ್ಟಿರಲಾರದು. ಲೆಕ್ಕ ಮಾಡೋಣ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಅನುಪಾತದಿಂದ ಭಾಗಿಸಿ, ಮತ್ತೆ 1056ರಿಂದ ಭಾಗಿಸಿ. 58 ಮೈಲಿ ಬರುತ್ತದೆ. ನಿಮಗೆ ಸಿಕ್ಕಿದ್ದು 51. ಅಂದರೆ ಸ್ಲಿಪ್ (ಪ್ರೊಪೆಲ್ಲರ್ ನೀರಿನಲ್ಲಿ ಜಾರುವುದು) ಸುಮಾರು 12 ಶೇಕಡಾ, ಇಂಥ ಬೋಟಿಗೆ ಅದು ಸಹಜ. ಪ್ರೊಪೆಲ್ಲರ್ ನೀರನ್ನು ಸರಿಯಾಗಿಯೇ ಹಿಡಿಯುತ್ತಿದೆ, ಪಿಚ್ ಮಾತ್ರ ಜಾಸ್ತಿ.

ಕಾರ್ಬುರೇಟರ್ ಇರುವ ಹೆಚ್ಚಿನ 5.7 ಲೀಟರ್ ಇಂಜಿನ್‌ಗಳು ಪೂರ್ತಿ ಥ್ರಾಟಲ್‌ನಲ್ಲಿ 4400ರಿಂದ 4800 ಮುಟ್ಟಬೇಕು. ನಿಮ್ಮ ಕೈಪಿಡಿ ನೋಡಿಕೊಳ್ಳಿ. ಹೀಗೆ ಕಟ್ಟಿಹಾಕಿದಂತೆ ಓಡಿಸಿದರೆ ಇಂಜಿನ್ ಕುಟ್ಟತೊಡಗಿ ಪಿಸ್ಟನ್ ಹಾಳಾಗುತ್ತದೆ. ಪಿಚ್ 1 ಇಂಚು ಕಡಿಮೆಯಾದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 21 ಹಾಕಿದರೆ 4400ರ ಹತ್ತಿರ ಬರುತ್ತೀರಿ, ವೇಗ ಅದೇ 51ರ ಆಸುಪಾಸು ಇರುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು, ಟ್ಯಾಂಕ್ ತುಂಬಿಸಿ ಹೋಗುವವರಾದರೆ 19 ಒಳ್ಳೆಯದು.

ಹೊಸ ಪ್ರೊಪೆಲ್ಲರ್ ಕೊಳ್ಳುವ ಮೊದಲು ಎರಡು ಕೆಲಸ. ಇಂಜಿನ್ ನಿಲ್ಲಿಸಿ, ಇನ್ನೊಬ್ಬರಿಗೆ ಲಿವರ್ ಪೂರ್ತಿ ತಳ್ಳಲು ಹೇಳಿ, ಫ್ಲೇಮ್ ಅರೆಸ್ಟರ್ ತೆಗೆದು ಕಾರ್ಬುರೇಟರ್ ಪೂರ್ತಿ ತೆರೆಯುತ್ತದೆಯಾ ನೋಡಿ. ಆಮೇಲೆ ಅರೆಸ್ಟರ್ ವಾಪಸ್ ಹಾಕಲು ಮರೆಯಬೇಡಿ. ಕೇಬಲ್ ಸಡಿಲ ಇದ್ದು ಅರ್ಧವೇ ತೆರೆಯುತ್ತಿದ್ದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಎರಡನೆಯದು, ಡ್ಯಾಶ್‌ಬೋರ್ಡಿನ ಹಳೆಯ ಆರ್‌ಪಿಎಂ ಮೀಟರ್ ನಂಬಬೇಡಿ. ಬೇರೆ ಮೀಟರ್‌ನಿಂದ ತಾಳೆ ನೋಡಿ. ಪರೀಕ್ಷೆಗೆ ಹೋಗುವಾಗ ಕಿಲ್ ಸ್ವಿಚ್‌ನ (ಎಳೆದರೆ ಇಂಜಿನ್ ನಿಲ್ಲಿಸುವ ಸ್ವಿಚ್‌ನ) ದಾರ ಲೈಫ್ ಜಾಕೆಟ್‌ಗೆ ಸಿಕ್ಕಿಸಿಕೊಂಡೇ ಥ್ರಾಟಲ್ ಮುಟ್ಟಿ. ಎರಡು ಪ್ರೊಪೆಲ್ಲರ್‌ಗಳನ್ನೂ ಒಂದೇ ದಿನ, ಒಂದೇ ಭಾರದಲ್ಲಿ, ಅಷ್ಟೇ ಪೆಟ್ರೋಲ್ ಇಟ್ಟುಕೊಂಡು ಓಡಿಸಿ. ಆ ಅಂಕಿಗಳನ್ನು ನನಗೆ ಬರೆದು ಕಳಿಸಿ.