ಮೊದಲ ಮಹಾಯುದ್ಧದ ಪೈಲಟ್‌ಗಳನ್ನು ಅಷ್ಟೊಂದು ಧೈರ್ಯಶಾಲಿಗಳು ಅನ್ನುವುದು ಯಾಕೆ?

ಅವರು ಹಾರಿಸುತ್ತಿದ್ದ ವಿಮಾನ ಎಂಥದ್ದು ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಹತ್ತಿರದಲ್ಲೇ ಪೆಟ್ರೋಲ್ ಟ್ಯಾಂಕ್. ಗುಂಡು ತಗುಲಿ ಬೆಂಕಿ ಹತ್ತಿತೋ, ಕಥೆ ಮುಗಿಯಿತು. ಪ್ಯಾರಾಚೂಟ್? ಬಲೂನಿನಲ್ಲಿ ಕೂತು ಶತ್ರುವಿನ ಮೇಲೆ ಕಣ್ಣಿಡುವವರಿಗೆ ಇತ್ತು. ಬ್ರಿಟಿಷ್ ಪೈಲಟ್‌ಗಳಿಗೆ ಯುದ್ಧ ಮುಗಿಯುವವರೆಗೂ ಕೊಡಲಿಲ್ಲ! ಭಯ ಇರಲಿಲ್ಲ ಅಂತಲ್ಲ. ಎಡ್ವರ್ಡ್ ಮ್ಯಾನಕ್‌ನಂಥ ಘಟಾನುಘಟಿ ಬ್ರಿಟಿಷ್ ಪೈಲಟ್ಟೇ ಬೆಂಕಿಗೆ ಹೆದರಿ, ತನಗೇ ಗುಂಡು ಹೊಡೆದುಕೊಳ್ಳಲು ಪಿಸ್ತೂಲು ಇಟ್ಟುಕೊಂಡು ಹಾರುತ್ತಿದ್ದ. ಸುಟ್ಟು ಸಾಯುವುದಕ್ಕಿಂತ ಅದೇ ವಾಸಿ ಅಂತ.

ಸಾಪ್‌ವಿತ್ ಕ್ಯಾಮಲ್‌ನಂಥ ವಿಮಾನಗಳ ಎಂಜಿನ್ ಹರಳೆಣ್ಣೆ ಕಾರುತ್ತಿತ್ತು. ಅದು ಕನ್ನಡಕದ ಮೇಲೆ, ಮುಖದ ಮೇಲೆ, ಬಾಯೊಳಗೆ. ಹೊಟ್ಟೆ ಕೆಡದೆ ಇರುತ್ತಾ, ಹೇಳಿ?

ನಮ್ಮ ದೇಶದವರೂ ಇದ್ದರು. ಕಲ್ಕತ್ತಾದಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1917ರಲ್ಲಿ ವಿಮಾನ ಬಿದ್ದು ಗಾಯಗೊಂಡಿದ್ದರು. ಹಾರುವ ಸ್ಥಿತಿಯಲ್ಲಿಲ್ಲ ಎಂದು ಡಾಕ್ಟರರು ಹೇಳಿದರೂ ಹಟ ಹಿಡಿದು ವಾಪಸ್ ಬಂದರು. 1918ರ ಜುಲೈನಲ್ಲಿ, ಎರಡು ವಾರದೊಳಗೆ, ಶತ್ರು ವಿಮಾನಗಳ ಮೇಲೆ 10 ಗೆಲುವು ಅವರ ಲೆಕ್ಕಕ್ಕೆ ಸೇರಿದವು. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಕಾದಾಡುತ್ತಲೇ ಸತ್ತರು. ವಯಸ್ಸು ಬರೀ 19. ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಎಂಬ ಬ್ರಿಟಿಷ್ ಶೌರ್ಯ ಪದಕ ಬಂದದ್ದು ಆಮೇಲೆ.