ಲಂಡನ್–ಲ್ಯಾಬ್ರಡಾರ್ ಚಳಿಯ ಅಂತರವೆಲ್ಲ ಗಲ್ಫ್ ಸ್ಟ್ರೀಮ್‌ನಿಂದಲೇ?

ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹವಾದ ಗಲ್ಫ್ ಸ್ಟ್ರೀಮ್ ಯುರೋಪಿಗೆ ಎಷ್ಟು ಶಾಖ ತರುತ್ತದೆ ಎಂದು ನೀವು ಲೆಕ್ಕ ಹಾಕಿದ್ದೀರಿ. ಲಂಡನ್ ಮತ್ತು ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿರುವ ಕೆನಡಾದ ಪೂರ್ವ ಕರಾವಳಿಯ ಲ್ಯಾಬ್ರಡಾರ್ ನಡುವಿನ ಜನವರಿ ತಾಪಮಾನದ ವ್ಯತ್ಯಾಸವನ್ನು ಪೂರ್ತಿ ಅದರ ಖಾತೆಗೆ ಹಾಕಿದ್ದರಿಂದ ನಿಮ್ಮ ಲೆಕ್ಕ ಉಬ್ಬಿದೆ. ದೊಡ್ಡ ಪಾಲು ಗಾಳಿಯದು: ಪಡುವಣ ಗಾಳಿ ಲಂಡನ್‌ಗೆ ಕಡಲ ಮೇಲಿಂದ ಬರುತ್ತದೆ, ಲ್ಯಾಬ್ರಡಾರ್‌ಗೆ ಹಿಮ ಹೊದ್ದ ನೆಲದ ಮೇಲಿಂದ.

ಮೊದಲು ಗಲ್ಫ್ ಸ್ಟ್ರೀಮ್ ಇಲ್ಲದ ಪೆಸಿಫಿಕ್ ಜತೆ ಹೋಲಿಸಿ; ಅಲ್ಲೂ ಇಂಥದ್ದೇ ಅಂತರ ಕಾಣುತ್ತದೆ. ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್‌ನಲ್ಲಿ (49° ಉತ್ತರ) ಜನವರಿ ಸರಾಸರಿ ಸುಮಾರು 4 ಡಿಗ್ರಿ. ಅದಕ್ಕಿಂತ ದಕ್ಷಿಣದ, ಏಷ್ಯಾದ ಪೂರ್ವ ಕರಾವಳಿಯ ವ್ಲಾಡಿವಾಸ್ಟಾಕ್‌ನಲ್ಲಿ (43°) ಮೈನಸ್ 12ರ ಆಸುಪಾಸು.

ಆಮೇಲೆ ಕಡಲು ಗಾಳಿಗೆ ಬಿಡುವ ಶಾಖವನ್ನು ತಿಳಿಯಲು, ಇಆರ್‌ಎ5 ಎಂಬ ಹವಾಮಾನ ದತ್ತಾಂಶದ ಮಾಸಿಕ ಸರಾಸರಿಯಲ್ಲಿ ಕಡಲ ಮೇಲ್ಮೈಯ ನಾಲ್ಕೂ ಶಾಖಾಂಶಗಳನ್ನು (ಬಿಸಿಲು, ಶಾಖ ವಿಕಿರಣ, ಗಾಳಿಗೆ ನೇರವಾಗಿ ಹೋಗುವ ಶಾಖ, ಆವಿಯಾಗುವಾಗ ಹೋಗುವ ಶಾಖ) ಕೂಡಿಸಿ, ದಿನದ ಸೆಕೆಂಡುಗಳಾದ 86,400ರಿಂದ ಭಾಗಿಸಿ; ಆಗಲೇ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬುದು ಬರುವುದು. ಚಳಿಗಾಲವನ್ನಷ್ಟೇ ತೆಗೆದುಕೊಳ್ಳಬೇಡಿ, ಬೇಸಿಗೆಯಲ್ಲಿ ಅಲ್ಲೇ ಕೂಡಿಟ್ಟ ಶಾಖವೂ ಅದರಲ್ಲಿ ಸೇರಿರುತ್ತದೆ. ಹಲವು ವರ್ಷಗಳ 12 ತಿಂಗಳ ಸರಾಸರಿಯಲ್ಲಿ ಅದು ಬಹುತೇಕ ವಜಾ ಆಗಿ, ಪ್ರವಾಹ ತಂದದ್ದು ಉಳಿಯುತ್ತದೆ. ನಿಖರ ಪಾಲಿನ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ನಾರ್ವೆಯ ಉತ್ತರ ಕರಾವಳಿಯಲ್ಲಿ ಮಾತ್ರ ಪ್ರವಾಹವನ್ನು ಕಡೆಗಣಿಸಬೇಡಿ.